ನಲವತ್ತೊಂದನೆಯ ಪೆಟ್ಟಿಗೆ

ಅಂಗಡಿ ಮೆಟ್ಟಿಲ ಹತ್ತಿರ ಬಂದವರಿಗೆ ಅವರು ಬಾಯಿ ತೆರೆಯುವ ಮೊದಲೇ ಬೆಲೆ ಕಟ್ಟುವುದು ವ್ಯಾಪಾರಿಯ ಹುಟ್ಟುಗುಣ. ಹಾಗೆ ಕಟ್ಟಿದರೆ ಈಕೆಯದು ಇಷ್ಟು: ವಯಸ್ಸು ಐವತ್ತೆರಡರ ಆಸುಪಾಸು. ಚಪ್ಪಲಿ ಎರಡು ಸಲ ಹೊಲಿಸಿದ್ದು, ಮೂರನೆಯ ಹೊಲಿಗೆಗೂ ತಡೆದೀತು. ಕನ್ನಡಕಕ್ಕೆ ದಾರ. ಹೆಗಲಿಗೆ ಬಟ್ಟೆಯ ಚೀಲ, ಅದರೊಳಗೆ ಇಟ್ಟಿಗೆಯಷ್ಟು ದಪ್ಪದ ಪುಸ್ತಕ. ಕೊಳ್ಳುವ ಗಿರಾಕಿಯಲ್ಲ, ಕೊಳ್ಳುವವರು ಮೊದಲು ಮಾಲು ನೋಡುತ್ತಾರೆ, ಈಕೆ ಒಳಬಾಗಿಲ ಕಡೆ ನೋಡುತ್ತಾಳೆ. ಮಾರುವವಳೂ ಅಲ್ಲ, ಮಾರುವವರು ನಗುತ್ತಾರೆ. ಬಾಯಿ ಜೋರಿಲ್ಲ, ಹಾಗಾಗಿ ಚೌಕಾಸಿಗೆ ನಾಲಾಯಕ್ಕು. ಒಟ್ಟಿನಲ್ಲಿ ಗೋಡೌನಿನ ಮೂಲೆಯಲ್ಲಿ ಉಳಿದುಹೋದ ಹಳೇ ಸ್ಟಾಕು.

ಈ ಬೆಲೆ ತಪ್ಪು. ಅಂಗಡಿಯವನ ಜೀವಮಾನದಲ್ಲೇ ಇಷ್ಟು ದೊಡ್ಡ ತಪ್ಪು ಲೆಕ್ಕ ಇನ್ನೊಂದಿಲ್ಲ.

ಆಕೆಯ ಕೆಲಸದ ಜಾಗ ಹೃದಯದ ಆಸ್ಪತ್ರೆಯೊಂದರ ನೆಲಮಾಳಿಗೆ. ಒಂದು ಪಕ್ಕ ಲಾಂಡ್ರಿ, ಇನ್ನೊಂದು ಪಕ್ಕ ಮುರಿದ ಗಾಲಿಕುರ್ಚಿಗಳ ಗುಡ್ಡೆ, ನಡುವೆ ಕಿಟಕಿಯಿಲ್ಲದ ಕೋಣೆ. ಎರಡು ಕಂಪ್ಯೂಟರ್ ಪರದೆ, ಒಂದು ಫೋನು. ಗೋಡೆಯಾಚೆ ಬಟ್ಟೆ ಒಗೆಯುವ ಯಂತ್ರ ದಿನವಿಡೀ ತಿರುಗುತ್ತಿದ್ದರೆ ಮೇಜಿನ ಮೇಲಿನ ಲೋಟದ ನೀರು ಸಣ್ಣಗೆ ನಡುಗುತ್ತಿರುತ್ತದೆ.

ಎದೆಯೊಳಗೆ ಪೇಸ್‌ಮೇಕರ್ ಇಡಿಸಿಕೊಂಡವರ ಮಂಚದ ಪಕ್ಕದಲ್ಲಿ ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ. ಅವರು ಮಲಗಿದ ಮೇಲೆ ಆ ಪೆಟ್ಟಿಗೆ ಒಳಗಿನ ಯಂತ್ರದ ಯೋಗಕ್ಷೇಮ ವಿಚಾರಿಸುತ್ತದೆ. ಬ್ಯಾಟರಿ ಎಷ್ಟಿದೆ, ತಂತಿ ಗಟ್ಟಿಯಾಗಿದೆಯೇ, ಬಡಿತ ಎಲ್ಲಾದರೂ ಹಳಿ ತಪ್ಪಿತೇ. ಬೆಳಗಾಗುವಷ್ಟರಲ್ಲಿ ಆ ವರದಿ ನೆಲಮಾಳಿಗೆಯ ಪರದೆಗೆ ಬಂದು ಬೀಳುತ್ತದೆ. ಹೀಗೆ ಸಾವಿರದ ನೂರ ನಲವತ್ತು ಹೃದಯಗಳು. ಅವನ್ನು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸುವುದು ಆಕೆಯ ಕೆಲಸ. ಕೆಂಪು ಬಿದ್ದದ್ದು ಡಾಕ್ಟರಿಗೆ, ಹಳದಿ ನರ್ಸಿಗೆ, ಹಸಿರು ಕಡತಕ್ಕೆ.

ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ. ಆಸ್ಪತ್ರೆಗೆಲ್ಲ ಆಕೆ ಪಟ್ಟಿಯಮ್ಮ. ಇಪ್ಪತ್ಮೂರನೆಯ ವಯಸ್ಸಿಗೆ ಟೈಪಿಸ್ಟ್ ಆಗಿ ಸೇರಿದವಳು ಡಾಕ್ಟರರ ಕೈಬರಹವನ್ನು ಅವರಿಗಿಂತ ಚೆನ್ನಾಗಿ ಓದುತ್ತಿದ್ದಳು. ಟೈಪ್ ಯಂತ್ರ ಹೋಯಿತು, ರೆಕಾರ್ಡ್ ರೂಮಿಗೆ ಹಾಕಿದರು. ರೆಕಾರ್ಡ್ ರೂಮೂ ಹೋಯಿತು. ಅಷ್ಟರಲ್ಲಿ ಈ ಪೆಟ್ಟಿಗೆಗಳು ಬಂದವು. ನೆಲಮಾಳಿಗೆಗೆ ಇಳಿಯಲು ಯಾರೂ ಒಪ್ಪದಿದ್ದಾಗ, ಕಲಿತರೆ ಕೆಲಸ, ಇಲ್ಲದಿದ್ದರೆ ಮನೆ ಎಂದು ಆಕೆಯೇ ಇಳಿದಳು. ಹನ್ನೊಂದು ವರ್ಷವಾಯಿತು.

ಹನ್ನೊಂದು ವರ್ಷದಲ್ಲಿ ಒಬ್ಬ ರೋಗಿಯ ಮುಖವನ್ನೂ ಆಕೆ ನೋಡಿರಲಿಲ್ಲ. ಆದರೆ ಯಾರು ಎಷ್ಟು ಹೊತ್ತಿಗೆ ಮಲಗುತ್ತಾರೆ ಎಂಬುದು ಗೊತ್ತಿತ್ತು. ಯಂತ್ರಗಳು ಓಡಾಟವನ್ನೂ ಎಣಿಸುತ್ತವೆ. ದಿನಕ್ಕೆ ಐದು ತಾಸು ತಿರುಗಾಡುತ್ತಿದ್ದವರು ಮೂರಕ್ಕೆ ಇಳಿದರೆ, ಮನೆಯವರಿಗಿಂತ ಮೊದಲು ಪಟ್ಟಿಯಮ್ಮನಿಗೆ ತಿಳಿಯುತ್ತಿತ್ತು.

ಗಂಡ ಬ್ರೆಡ್ ವ್ಯಾನಿನ ಡ್ರೈವರ್. ಸಂಜೆ ಆಕೆ ಮನೆಗೆ ಬರುವ ಹೊತ್ತಿಗೆ ಅವನದೊಂದು ನಿದ್ದೆ ಮುಗಿದಿರುತ್ತದೆ.

“ಏನೇ, ನಿನ್ನ ಹಾರ್ಟುಗಳೆಲ್ಲ ಹೊಡ್ಕೋತಿದಾವಾ?”

“ಹೊಡ್ಕೋತಿದಾವೆ. ನಿಮ್ಮ ಬ್ರೆಡ್ಡು?”

“ಉಬ್ಬಿದೆ. ಥೇಟ್ ನಿನ್ನ ಮುಖದ ಹಾಗೆ.”

ಇದು ಅವರ ದಾಂಪತ್ಯದ ದಿನಚರಿ. ಇಪ್ಪತ್ತೆಂಟು ವರ್ಷದಿಂದ ಮಾತು ಅದೇ, ಹಾರ್ಟು ಮಾತ್ರ ಇತ್ತೀಚೆಗೆ ಸೇರಿಕೊಂಡಿದೆ.

ಆ ದಪ್ಪ ಪುಸ್ತಕಕ್ಕೆ ಒಂದು ಕಾರಣವಿದೆ. ನೆಲಮಾಳಿಗೆಗೆ ಇಳಿದ ಮೊದಲ ವರ್ಷ ಒಬ್ಬರ ಪೆಟ್ಟಿಗೆ ವರದಿ ಕಳಿಸುವುದನ್ನು ನಿಲ್ಲಿಸಿತು. ಮೂರು ಸಲ ಫೋನ್ ಮಾಡು, ಒಂದು ಪತ್ರ ಹಾಕು, ಆಮೇಲೆ ‘ಊರಿನಲ್ಲಿಲ್ಲ’ ಎಂದು ಗುರುತು ಹಾಕು ಎಂಬುದು ನಿಯಮ. ಹಾಗೆ ಗುರುತು ಹಾಕಿದರೆ ತೊಂಬತ್ತು ದಿನ ಆ ಹೆಸರು ಪರದೆಯಿಂದ ಮರೆಯಾಗುತ್ತದೆ. ಆಕೆ ಹಾಕಿದಳು. ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಫೋನು.

“ಅಪ್ಪನ ಪೆಟ್ಟಿಗೆ ಎಲ್ಲಿಗೆ ವಾಪಸ್ ಕೊಡ್ಬೇಕು?” ಹೆಂಗಸಿನ ದನಿ.

“ಅವರು ಊರಿಂದ ಬಂದ್ರಾ?”

“ಅವರು ಎಲ್ಲೂ ಹೋಗಿರ್ಲಿಲ್ಲ.”

ಅಂದು ಸಂಜೆ ಪಟ್ಟಿಯಮ್ಮ ಬರುವ ದಾರಿಯಲ್ಲೇ ಆ ಪುಸ್ತಕ ಕೊಂಡಳು. ಅಂದಿನಿಂದ ಯಾವ ಪೆಟ್ಟಿಗೆ ಸುಮ್ಮನಾದರೂ ತನ್ನ ಕೈಯಲ್ಲೇ ಬರೆದಿಟ್ಟಳು: ಹೆಸರು, ವಯಸ್ಸು, ಯಂತ್ರದ ಮಾಡೆಲ್, ಕೊನೆಯ ವರದಿ. ಕೊನೆಯ ಕಾಲಂನಲ್ಲಿ ಒಂದೇ ಪದ: ಮೌನ. ಪಕ್ಕದಲ್ಲಿ ತಾರೀಕು. ಪರದೆಗೆ ಕೆಂಪು ಗೊತ್ತು, ಹಸಿರು ಗೊತ್ತು. ವರದಿ ಬರದವರ ಹೆಸರನ್ನು ಬೂದು ಬಣ್ಣಕ್ಕೆ ತಿರುಗಿಸುತ್ತದೆ, ಅಷ್ಟೇ. ಮೌನ ಎಂದರೇನೆಂದು ಗೊತ್ತಿಲ್ಲ. ಕೆಟ್ಟ ಸುದ್ದಿ ಬರಲಿಲ್ಲವೆಂದರೆ ಒಳ್ಳೆಯದೇ ಇರಬೇಕು ಎಂದು ಅದು ತಿಳಿಯುತ್ತದೆ. ಪಟ್ಟಿಯಮ್ಮನಿಗೆ ಮಾತ್ರ ಮೌನವೆಂದರೆ ಬೂದಿ ಮುಚ್ಚಿದ ಕೆಂಡ.

ಇಷ್ಟು ಗೊತ್ತಿದ್ದವಳೂ ಒಂದು ದಿನ ಬಗ್ಗಿದಳು. ತಪಾಸಣೆಯವರು ಬರುವ ಹಿಂದಿನ ದಿನ ಮ್ಯಾನೇಜರ್ ಮೆಟ್ಟಿಲಿಳಿದು ಬಂದ. ಅವನಿಗೆ ಹಸಿರು ಎಂದರೆ ಪ್ರಾಣ. ಅವನ ಟೈ ಹಸಿರು, ಪೆನ್ನಿನ ಶಾಯಿ ಹಸಿರು.

“ನೋಡೀಮ್ಮ, ಈ ಬೂದು ಬಣ್ಣದಲ್ಲಿ ಅರವತ್ಮೂರು ಜನ ಕೂತಿದ್ದಾರಲ್ಲ, ಇದು ಕಣ್ಣಿಗೆ ಹೊಡೆಯುತ್ತೆ.”

“ಹೊಡೀಲಿ ಅಂತಾನೇ ಅಲ್ವಾ ಸರ್ ಇರೋದು?”

“ಫೋನ್ ಮಾಡಿದ್ದೀವಿ, ಪತ್ರ ಹಾಕಿದ್ದೀವಿ. ನಮ್ಮ ಕಡೆಯಿಂದ ಆಯ್ತಲ್ಲ? ಎಲ್ಲರಿಗೂ ‘ಊರಿನಲ್ಲಿಲ್ಲ’ ಹಾಕ್ಬಿಡಿ. ತೊಂಬತ್ತು ದಿನ ಕಳೆದ್ಮೇಲೆ ತಾವಾಗೇ ವಾಪಸ್ ಬರ್ತಾರೆ.”

“ಬರ್ತಾರೆ ಅಂತ ಯಾರು ಹೇಳಿದ್ದು?”

“ಸಿಸ್ಟಮ್ ಹೇಳುತ್ತೆ. ನೀವು ಒತ್ತಿ.”

ಅರವತ್ಮೂರು ಸಲ ಒತ್ತಿದಳು. ಮಾತು ಮ್ಯಾನೇಜರನದ್ದು, ಬೆರಳು ತನ್ನದು. ಮರುದಿನ ತಪಾಸಣೆಯವರು ಬಂದು, ಪರದೆ ನೋಡಿ, ಬಿಸ್ಕತ್ತು ತಿಂದು, ಬೆನ್ನು ತಟ್ಟಿ ಹೋದರು. ಪುಸ್ತಕದಲ್ಲಿ ಅರವತ್ಮೂರು ಮೌನ ಹಾಗೇ ಉಳಿದವು.

ಆರು ವಾರ ಕಳೆದಿತ್ತು. ಒಂದು ಸೋಮವಾರ ಯಂತ್ರ ತಯಾರಿಸಿದ ಕಂಪನಿಯ ಪತ್ರ ಬಂತು. ಇಂಥ ಮಾಡೆಲಿನ ಪೇಸ್‌ಮೇಕರುಗಳ ಬ್ಯಾಟರಿ ಕೆಲವು ಸಲ ಹೊತ್ತಿಗೆ ಮುಂಚೆ ಬತ್ತಿಹೋಗುತ್ತಿದೆ. ಹೊರಗೆ ಯಾವ ಸೂಚನೆಯೂ ಇರುವುದಿಲ್ಲ. ರಾತ್ರಿಯ ವರದಿಯಲ್ಲಿ ಒಂದು ಸಣ್ಣ ಇಳಿತ ಕಾಣುತ್ತದೆ, ಅಷ್ಟೇ. ಇಳಿತ ಕಂಡ ಮೇಲೆ ಉಳಿಯುವುದು ಇಪ್ಪತ್ತರಿಂದ ನಲವತ್ತು ದಿನ. ಸ್ವಂತ ಬಡಿತವೇ ಇಲ್ಲದೆ ಯಂತ್ರವನ್ನೇ ನಂಬಿಕೊಂಡ ಹೃದಯಗಳ ವಿಷಯದಲ್ಲಿ ತಡ ಮಾಡಬಾರದು. ಕಾಗದದ ಭಾಷೆ ಬಲು ನಯವಾಗಿತ್ತು. ತಮ್ಮ ಮಾಲು ಕೆಟ್ಟಿದೆ ಎಂದು ಒಪ್ಪಿಕೊಳ್ಳುವಾಗ ಎಲ್ಲ ಕಂಪನಿಗಳೂ ರೇಷ್ಮೆಯ ಹಾಗೆ ಮಾತಾಡುತ್ತವೆ.

ಆ ಮಾಡೆಲ್ ಇಡಿಸಿಕೊಂಡವರು ನಮ್ಮಲ್ಲಿ ಎಷ್ಟು ಜನ ಎಂದು ಮ್ಯಾನೇಜರ್ ಕಂಪ್ಯೂಟರನ್ನು ಕೇಳಿದ. ನಲವತ್ತು ಎಂದಿತು. ಬುಧವಾರ ಮಧ್ಯಾಹ್ನದೊಳಗೆ ನಲವತ್ತೂ ಜನರ ವರದಿ ನೋಡಿದ್ದಾಯಿತು. ಒಬ್ಬ ಕ್ಷೌರಿಕನದರಲ್ಲಿ ಇಳಿತ ಕಂಡಿತ್ತು. ಅಂಗಡಿಯಲ್ಲಿ ಅರ್ಧ ಗಡ್ಡದ ಗಿರಾಕಿಯನ್ನು ಬಿಟ್ಟು ಬಂದು ಯಂತ್ರ ಬದಲಾಯಿಸಿಕೊಂಡ.

“ನಲವತ್ತಕ್ಕೆ ನಲವತ್ತು,” ಮ್ಯಾನೇಜರ್ ಅಂಗೈ ಉಜ್ಜಿದ. “ಫೈಲ್ ಮುಚ್ಚೋಣ.”

ಪಟ್ಟಿಯಮ್ಮ ಪುಸ್ತಕದ ಮೇಲೆ ಬೆರಳಿಟ್ಟು ಎಣಿಸುತ್ತಿದ್ದಳು. ಮೂರನೆಯ ಸಲ ಎಣಿಸಿದಾಗಲೂ ಅಷ್ಟೇ ಬಂತು.

“ನಲವತ್ತೊಂದು ಸರ್.”

“ಸಿಸ್ಟಮ್ ನಲವತ್ತು ಅಂತಿದೆಯಲ್ಲ?”

“ಸಿಸ್ಟಮ್‌ಗೆ ನಾವೇ ಹೇಳಿದ್ದೀವಲ್ಲ ಸರ್, ಅವರು ಊರಲ್ಲಿಲ್ಲ ಅಂತ. ಇಲ್ಲದವರನ್ನ ಅದು ಹೇಗೆ ಎಣಿಸುತ್ತೆ?”

ಮ್ಯಾನೇಜರನ ಮುಖದ ಹಸಿರು ಇಳಿಯಿತು. “ಫೋನ್ ಮಾಡಿ ನೋಡಿ,” ಎಂದ. “ಮಾಡಿದ್ದು ಬರೆದಿಡಿ.” ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಪುಸ್ತಕದ ಸಾಲು ಹೀಗಿತ್ತು: ಹೆಂಗಸು, ಐವತ್ತೆಂಟು. ಸ್ವಂತ ಬಡಿತ ಇಲ್ಲ. ಕೊನೆಯ ವರದಿಯಲ್ಲಿ ಬ್ಯಾಟರಿ ಇನ್ನೂ ಒಂಬತ್ತು ವರ್ಷ. ಓಡಾಟ ದಿನಕ್ಕೆ ನಾಲ್ಕು ತಾಸು. ಮೌನ. ತಾರೀಕಿನಿಂದ ಎಣಿಸಿದರೆ ಅಂದಿಗೆ ನೂರ ಹದಿನೆಂಟು ದಿನ.

ಇಳಿತ ಕಂಡ ಮೇಲೆ ಇಪ್ಪತ್ತರಿಂದ ನಲವತ್ತು. ಕಾಣದೇ ಹೋದ ಇಳಿತಕ್ಕೆ ಎಷ್ಟು ದಿನ? ಇಳಿತವೇ ಆಗಿಲ್ಲದಿರಬಹುದು. ನೂರು ದಿನದ ಹಿಂದೆಯೇ ಆಗಿ ಎಲ್ಲ ಮುಗಿದಿರಲೂಬಹುದು. ಆಕೆ ಲೋಟದಲ್ಲಿ ನಡುಗುವ ನೀರನ್ನೇ ಸ್ವಲ್ಪ ಹೊತ್ತು ನೋಡಿ, ಫೋನ್ ಎತ್ತಿದಳು.

“ಬ್ಯಾಟರಿ ಅಂಗಡಿ!” ಗಂಡಸಿನ ದನಿ, ಗಡಸು. ಗಾಡಿಗಳಿಗೂ ಮನೆಗಳಿಗೂ ಬ್ಯಾಟರಿ ಮಾರುವ ಅಂಗಡಿ ಅದು, ರೋಗಿಯ ಗಂಡನದು.

“ಹೃದಯದ ಆಸ್ಪತ್ರೆಯಿಂದ ಮಾತಾಡ್ತಿದ್ದೀನಿ. ನಿಮ್ಮ ಮನೆಯವರ ಎದೇಲಿರೋ ಬ್ಯಾಟರಿ ದಿಢೀರ್ ಅಂತ ಖಾಲಿಯಾಗಬಹುದು, ಅದಕ್ಕೆ...”

“ಯಾವ ಬ್ಯಾಟರಿ ಅಮ್ಮಾ ದಿಢೀರ್ ಅಂತ ಖಾಲಿಯಾಗೋದು? ಮೂವತ್ತು ವರ್ಷದಿಂದ ಮಾರ್ತಿದ್ದೀನಿ. ಮೊದಲು ದೀಪ ಮಂಕಾಗುತ್ತೆ, ಆಮೇಲೆ ಹಾರ್ನ್ ಗಂಟಲು ಕಟ್ಟುತ್ತೆ, ಆಮೇಲೆ ಸಾಯುತ್ತೆ. ಹಳೇದು ಕೆಟ್ಟಿದೆ ಅಂತ ಹೆದರಿಸಿ ಹೊಸದು ಮಾರೋ ವಿದ್ಯೆ ನಾನು ನಿಮಗಿಂತ ಮುಂಚೆ ಕಲಿತಿದ್ದೀನಿ. ಇಡಮ್ಮ ಫೋನು.”

ಎರಡನೆಯ ಸಲ ಆಕೆ ಜಾಣತನ ಮಾಡಲು ಹೋದಳು. “ಪೆಟ್ಟಿಗೆ ಹಿಂದೆ ಒಂದು ನಂಬರ್ ಇರುತ್ತೆ ಸರ್, ಅದನ್ನ ಓದಿ ಹೇಳ್ತೀರಾ?”

“ಇವತ್ತು ಪೆಟ್ಟಿಗೆ ನಂಬರ್ ಕೇಳ್ತೀರಿ, ನಾಳೆ ಬ್ಯಾಂಕ್ ನಂಬರ್ ಕೇಳ್ತೀರಿ. ಪೇಪರ್ ನಾನೂ ಓದ್ತೀನಿ.”

“ಅವರು ಹೇಗಿದ್ದಾರೆ? ಅದೊಂದು ಹೇಳಿ.”

ಫೋನ್ ಕುಕ್ಕಿದ ಸದ್ದು.

ಮೂರನೆಯ ಸಲ ಅದೇ ಗಂಟಲು ದನಿ ತೆಳ್ಳಗೆ ಮಾಡಿಕೊಂಡು ಮಾತಾಡಿತು. “ಯಜಮಾನ್ರು ಊರಲ್ಲಿಲ್ಲ.”

ಪಟ್ಟಿಯಮ್ಮ ಮತ್ತೆ ನಂಬರ್ ಒತ್ತಿದಳು. ನಾಲ್ಕನೆಯ ಸಲ ಗಂಟೆ ಒಮ್ಮೆ ಬಡಿದು ಕರೆ ತುಂಡಾಯಿತು.

ತಾ ಕಳ್ಳ, ಪರರ ನಂಬ. ಮೂವತ್ತು ವರ್ಷದಲ್ಲಿ ಎಷ್ಟೋ ಜನರಿಗೆ, ಇನ್ನೂ ಆರು ತಿಂಗಳು ಬಾಳುತ್ತಿದ್ದ ಬ್ಯಾಟರಿಯನ್ನು ‘ಇವತ್ತೋ ನಾಳೆಯೋ’ ಎಂದು ಹೆದರಿಸಿ ಬದಲಾಯಿಸಿದ್ದ ಮನುಷ್ಯ ಅವನು. ತನ್ನದೇ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ನಂಬುವುದಾದರೂ ಹೇಗೆ?

ಅಂದು ಸಂಜೆ ಗಂಡ ಹಾರ್ಟುಗಳ ವಿಷಯ ಕೇಳಿದಾಗ ಆಕೆ ಪುಸ್ತಕ ತೆಗೆದು ಆ ಸಾಲು ತೋರಿಸಿದಳು. ಆಮೇಲೆ ಎಲ್ಲ ಹೇಳಿದಳು. ಅವನು ಕಿವಿ ಕೆರೆದುಕೊಂಡ.

“ಬ್ರೆಡ್ ಬೇಡ ಅಂದೋರಿಗೆ ನಾನು ಫೋನ್ ಮಾಡ್ತೀನಾ? ಬಾಗಿಲಿಗೆ ಹೋಗಿ ನಿಂತ್ಕೋತೀನಿ. ಫೋನ್ ಇಡೋದು ಸುಲಭ ಕಣೇ, ಮನುಷ್ಯರನ್ನ ಇಡೋಕಾಗಲ್ಲ.”

“ನಾವು ರೋಗಿಗಳ ಮನೆಗೆ ಹೋಗೋ ಹಾಗಿಲ್ಲ. ನಿಯಮ.”

“ಅವರು ಊರಲ್ಲಿಲ್ಲ ಅಂತ ಬರೆಯೋದೂ ನಿಯಮಾನೇ ತಾನೆ?”

ಆಕೆ ತಟ್ಟೆಯನ್ನು ಎತ್ತಿಕೊಂಡು ಎದ್ದುಹೋದಳು. ನಿದ್ದೆ ಬಂತೋ ಇಲ್ಲವೋ. ಗುರುವಾರ ಬೆಳಿಗ್ಗೆ ಹನ್ನೊಂದು ವರ್ಷದಲ್ಲಿ ಮೊದಲ ಸಲ ಅರ್ಧ ದಿನ ರಜೆ ಹಾಕಿ, ಬ್ರೆಡ್ ವ್ಯಾನಿನ ಮುಂದಿನ ಸೀಟಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಳು. ಬಸ್ ಡಿಪೋ ಹಿಂದಿನ ನಾಲ್ಕನೆಯ ಗಲ್ಲಿ. ಅಂಗಡಿ ಕೆಳಗೆ, ಮನೆ ಮೇಲೆ.

ವ್ಯಾನ್ ನಿಂತಾಗ ಆಕೆ ಮೊದಲು ನೋಡಿದ್ದು ಬಾಗಿಲನ್ನು. ತೆರೆದಿತ್ತು. ಸಾವಾದ ಮನೆಯ ಲಕ್ಷಣವೇನೂ ಕಾಣಲಿಲ್ಲ. ಆದರೆ ವ್ಯಾಪಾರಿಗಳ ವಿಷಯ ಹೇಳಲಾಗದು. ಅವರು ಮೂರನೆಯ ದಿನವೇ ಬಾಗಿಲು ತೆರೆಯುತ್ತಾರೆ.

ಒಳಗೆ ಆಸಿಡ್ ವಾಸನೆ. ಗೋಡೆಯುದ್ದಕ್ಕೂ ಕರಿ ಬ್ಯಾಟರಿಗಳು ಸಾಲಾಗಿ ಕೂತಿದ್ದವು. ಗಲ್ಲಾದ ಪಕ್ಕ ಒಂದು ಮೀಟರು, ಕೆಂಪೊಂದು ಕಪ್ಪೊಂದು ಚಿಮುಟದ ತಂತಿ. ಹಿಂದುಗಡೆ ಮನೆಗೆ ಹತ್ತುವ ಮೆಟ್ಟಿಲು. ಗಲ್ಲಾದ ಹಿಂದೆ ಕೂತವನು ಆಕೆಯನ್ನು ಚಪ್ಪಲಿಯಿಂದ ಕನ್ನಡಕದವರೆಗೆ ತೂಗಿ ನೋಡಿದ. ತೂಕ ಇಷ್ಟೇ ಎಂದು ತೀರ್ಮಾನಿಸಿದ್ದು ಆಕೆಗೂ ಕಂಡಿತು.

“ಯಾವ ಗಾಡಿಗಮ್ಮಾ?”

“ಗಾಡಿಗಲ್ಲ.”

ಆ ನಾಲ್ಕಕ್ಷರದ ದನಿಯಲ್ಲೇ ಅವನಿಗೆ ಗುರುತು ಸಿಕ್ಕಿತು. “ಓಹೋ! ಫೋನಿನೋರು. ಮನೆ ಬಾಗಿಲಿಗೇ ಬಂದ್ಬಿಟ್ರಾ? ಭಲೇ ಗಟ್ಟಿಗಿತ್ತಿ. ಕಮಿಷನ್ ಎಷ್ಟು ಕೊಡ್ತಾರೆ?”

“ನಿಮ್ಮ ಮನೆಯವರು ಇದ್ದಾರಾ?”

“ಇಲ್ಲದೆ ಎಲ್ಲಿಗೆ ಹೋಗ್ತಾಳೆ?”

ಆಗಲೇ ಮೆಟ್ಟಿಲ ಮೇಲಿಂದ ಹೆಂಗಸೊಬ್ಬಳು ಇಳಿಯತೊಡಗಿದಳು. “ರೀ, ಹಾಲಿನೋನಿಗೆ ಚಿಲ್ಲರೆ...” ಎಂದವಳು ಮೂರನೆಯ ಮೆಟ್ಟಿಲಿಗೆ ಬಂದು, ಗೋಡೆ ಹಿಡಿದು ಅಲ್ಲೇ ಕೂತಳು. ಕೆಳಗೆ ಇನ್ನೂ ಎಂಟು ಮೆಟ್ಟಿಲಿದ್ದವು. ತುಟಿಯ ಸುತ್ತ ಬೂದು ಬಣ್ಣ.

ಪಟ್ಟಿಯಮ್ಮ ತನ್ನ ಸಾವಿರದ ನೂರ ನಲವತ್ತರಲ್ಲಿ ಮೊದಲ ಮುಖ ನೋಡಿದಳು. ನಾಲ್ಕು ತಾಸು ಓಡಾಡುತ್ತಿದ್ದವಳು ಮೂರು ಮೆಟ್ಟಿಲಿಗೆ ಬಂದಿದ್ದಳು.

“ಎಷ್ಟು ದಿನದಿಂದ ಹೀಗೆ, ಅಕ್ಕಾ?”

“ಹೀಗೆ ಅಂದ್ರೆ? ಓ, ಸುಸ್ತಾ? ಎರಡು ಮೂರು ವಾರದಿಂದ. ಬಟ್ಟೆ ಒಣಹಾಕುವಾಗ ಕಣ್ಣು ಕತ್ತಲೆ ಬರುತ್ತೆ. ಇವರು ಬಿಸಿಲಿಗೆ ಅಂತಾರೆ.”

“ವಯಸ್ಸಾಯ್ತಲ್ಲ,” ಅಂಗಡಿಯವನು ನಡುವೆ ಬಾಯಿ ಹಾಕಿದ. ಆದರೆ ಮೊದಲಿನ ಗಡಸು ಇರಲಿಲ್ಲ.

“ಆಸ್ಪತ್ರೆಯಿಂದ ಕೊಟ್ಟ ಪೆಟ್ಟಿಗೆ ಎಲ್ಲಿ?”

“ಭದ್ರವಾಗಿದೆ. ಅಟ್ಟದ ಮೇಲೆ, ಬಂದ ಡಬ್ಬೀಲೇ ಇಟ್ಟಿದ್ದೀನಿ. ಒಂದು ಗೀರು ಬಿದ್ದಿಲ್ಲ.” ಅವನ ದನಿಯಲ್ಲಿ ಹೆಮ್ಮೆ ಇತ್ತು. “ಅದರ ಚೀಟಿ ಓದಿದೆ ನಾನು. ಪೆಟ್ಟಿಗೆ ದಿನಾ ರಾತ್ರಿ ಎದೆಯೊಳಗಿನ ಯಂತ್ರದ ಜೊತೆ ಮಾತಾಡುತ್ತಂತೆ. ಯಂತ್ರ ಉತ್ತರ ಕೊಡಬೇಕಂದ್ರೆ ಕರೆಂಟ್ ಬೇಡವಾ? ಎಲ್ಲಿಂದ ಬರುತ್ತೆ? ಇವಳ ಎದೆ ಬ್ಯಾಟರಿಯಿಂದಾನೇ. ದಿನಾ ಹೀಗೆ ಹರಟೆ ಹೊಡೆದ್ರೆ ಹತ್ತು ವರ್ಷದ್ದು ಎಂಟಕ್ಕೆ ಬರುತ್ತೆ. ಅದಕ್ಕೇ ಕಿತ್ತಿಟ್ಟೆ. ಇವಳ ಆಯಸ್ಸಲ್ಲಿ ಒಂದೆರಡು ವರ್ಷ ಉಳಿಸೋಣ ಅಂತ.”

ಪೆಟ್ಟಿಗೆ ಕಿತ್ತವರಿಂದ ಪಟ್ಟಿಯಮ್ಮ ಸಾವಿರ ಕಾರಣ ಕೇಳಿದ್ದಳು: ಬೆಳಕು ಕಣ್ಣಿಗೆ ಹೊಡೆಯುತ್ತದೆ, ಮೊಬೈಲಿಗೆ ಪ್ಲಗ್ ಬೇಕಿತ್ತು, ಬೆಕ್ಕು ತಂತಿ ಕಡಿಯಿತು. ಹೆಂಡತಿಯ ಆಯಸ್ಸನ್ನು ಉಳಿತಾಯ ಮಾಡಿದವನು ಇವನೊಬ್ಬನೇ.

“ನಿಮ್ಮ ಲೆಕ್ಕ ಪೂರ್ತಿ ತಪ್ಪಲ್ಲ,” ಎಂದಳು. “ಒಂದು ಹನಿಯಷ್ಟು ಹೋಗುತ್ತೆ. ಆದ್ರೆ ಒಂದು ಮಾತು ಹೇಳಿ. ಬ್ಯಾಟರಿ ಸಾಯೋ ಮುಂಚೆ ಮಂಕಾಗುತ್ತೆ ಅಂದ್ರಲ್ಲ. ಮಂಕಾಗಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?”

“ಮೀಟರ್ ಹಚ್ಚಿ ನೋಡ್ತೀನಿ.”

“ಇವರಿಗೆ ಎಲ್ಲಿ ಹಚ್ತೀರಿ?”

ಅವನು ಗಲ್ಲಾದ ಮೇಲಿನ ಚಿಮುಟಗಳನ್ನು ನೋಡಿದ. ಮೂರನೆಯ ಮೆಟ್ಟಿಲಲ್ಲಿ ಕೂತ ಹೆಂಡತಿಯನ್ನು ನೋಡಿದ.

“ಆ ಪೆಟ್ಟಿಗೆನೇ ಇವರ ಮೀಟರು,” ಎಂದಳು ಪಟ್ಟಿಯಮ್ಮ. “ನೂರ ಹತ್ತೊಂಬತ್ತು ದಿನದಿಂದ ಅದನ್ನ ನೀವು ಅಟ್ಟದ ಮೇಲೆ ಇಟ್ಟಿದ್ದೀರಿ.”

ಅವನು ಏಣಿ ಹತ್ತಿದ. ಅರವತ್ತೆರಡು ವರ್ಷದವನು ಹಾಗೆ ಹತ್ತಬಾರದು. ಡಬ್ಬಿ ಬಂತು, ಥರ್ಮಾಕೋಲು ಮುರಿಯಿತು, ಪ್ಲಾಸ್ಟಿಕ್ ಹರಿಯಿತು. ಮೀಟರಿನ ಪ್ಲಗ್ ಕಿತ್ತು ಅದೇ ಜಾಗಕ್ಕೆ ಪೆಟ್ಟಿಗೆಯ ಪ್ಲಗ್ ಚುಚ್ಚಿದ. ಮೆಟ್ಟಿಲಿನಿಂದ ಹೆಂಡತಿಯನ್ನು ತೋಳು ಹಿಡಿದು ಇಳಿಸಿ ಸ್ಟೂಲಿನ ಮೇಲೆ ಕೂರಿಸಿದರು. ಪಟ್ಟಿಯಮ್ಮ ಗುಂಡಿ ಒತ್ತಿದಳು.

ಐದು ದೀಪ. ಐದೂ ಹತ್ತಿದರೆ ವರದಿ ಹೋಯಿತು ಎಂದರ್ಥ. ಒಂದು ಹತ್ತಿತು. ಎರಡು. ಮೂರನೆಯದು ಹತ್ತಿ, ಅಲ್ಲೇ ನಿಂತಿತು. ಹೊರಗೆ ಬಸ್ಸೊಂದು ಹಿಂದೆ ಸರಿಯುತ್ತಾ ಪೀಪೀ ಎನ್ನುತ್ತಿತ್ತು. ನಾಲ್ಕು. ಬಹಳ ಹೊತ್ತು ಬಿಟ್ಟು, ಐದು.

ಪಟ್ಟಿಯಮ್ಮ ಮೊಬೈಲಿನಲ್ಲಿ ನರ್ಸಿಗೆ ಫೋನ್ ಮಾಡಿ ಪರದೆ ನೋಡಲು ಹೇಳಿದಳು. ಆ ಕಡೆ ಸ್ವಲ್ಪ ಹೊತ್ತು ಕೀಲಿಮಣೆಯ ಸದ್ದು. ಆಮೇಲೆ ಅದೂ ನಿಂತಿತು.

“ಪಟ್ಟಿಯಮ್ಮ, ಬಂತು. ಅವರು ನಿಮ್ಮ ಪಕ್ಕದಲ್ಲೇ ಇದ್ದಾರಾ?”

“ಹೌದು.”

“ಹಾಗಾದ್ರೆ ಹೌದು, ಇಲ್ಲ ಅಂತಷ್ಟೇ ಹೇಳಿ. ಕೂತಿದ್ದಾರಾ?”

“ಹೌದು.”

“ನಿಲ್ಲೋಕೆ ಬಿಡಬೇಡಿ. ಡಾಕ್ಟರಿಗೆ ಹೇಳ್ತೀನಿ. ಆಂಬ್ಯುಲೆನ್ಸ್ ಬರೋಕೆ ನಲವತ್ತು ನಿಮಿಷ ಆಗುತ್ತೆ. ಅಷ್ಟು ಹೊತ್ತು ಇದೆ ಅಂತ ನಾನು ಹೇಳಲಾರೆ.”

“ಇಲ್ಲ,” ಎಂದಳು ಪಟ್ಟಿಯಮ್ಮ, ಯಾವ ಪ್ರಶ್ನೆಗೋ ಏನೋ. ಫೋನ್ ಇಟ್ಟು ನಗಲು ನೋಡಿದಳು. ಆದರೆ ಮೂವತ್ತು ವರ್ಷ ಗಿರಾಕಿಗಳ ಮುಖ ಓದಿ ಅನ್ನ ತಿಂದವನಿಗೆ ಆ ನಗು ಸಾಕಾಯಿತು. ಅವನ ಕೈಯಿಂದ ಡಬ್ಬಿಯ ಮುಚ್ಚಳ ಕೆಳಗೆ ಬಿತ್ತು.

ಗಲ್ಲಿಯ ತುದಿಯಲ್ಲಿ ಬ್ರೆಡ್ ವ್ಯಾನ್ ಇತ್ತು. ಹಿಂದಿನ ಟ್ರೇಗಳನ್ನು ಪಟ್ಟಿಯಮ್ಮನ ಗಂಡ ಫುಟ್‌ಪಾತಿನ ಮೇಲೆ ಇಳಿಸಿದ. ಎಪ್ಪತ್ತು ಬ್ರೆಡ್ಡು ಬಿಸಿಲಿನಲ್ಲಿ ಉಳಿದವು. ವ್ಯಾನಿನ ನೆಲಕ್ಕೆ ಮನೆಯ ಹಾಸಿಗೆ ಹಾಸಿ ಅಂಗಡಿಯವನ ಹೆಂಡತಿಯನ್ನು ಮಲಗಿಸಿದರು.

“ರೀ, ಅಂಗಡಿ ಬಾಗಿಲು ಹಾಕಿದ್ರಾ?” ಎಂದಳು ಹೆಂಡತಿ.

“ಹಾಕಿದೆ ಕಣೇ,” ಎಂದ. ಹಾಕಿರಲಿಲ್ಲ. ಗಲ್ಲಾ ಕೂಡ ತೆರೆದೇ ಇತ್ತು.

ಪಟ್ಟಿಯಮ್ಮ ಆಕೆಯ ಮಣಿಕಟ್ಟು ಹಿಡಿದು ಕೂತಳು. ಹನ್ನೊಂದು ವರ್ಷ ಬಡಿತವನ್ನು ಪರದೆಯ ಮೇಲೆ ಗೆರೆಯಾಗಿ ನೋಡಿದವಳು; ಬೆರಳ ಕೆಳಗೆ ಅದು ಇಷ್ಟು ಸಣ್ಣದಿರುತ್ತದೆ ಎಂದು ಗೊತ್ತಿರಲಿಲ್ಲ. ಒಂದು. ಎರಡು. ಮೂರು. ಆಮೇಲೆ ಏನೂ ಇಲ್ಲ. ಮತ್ತೆ ಒಂದು. ಎದುರು ಕೂತ ಅಂಗಡಿಯವನು ಎಣಿಸುತ್ತಿದ್ದ ಪಟ್ಟಿಯಮ್ಮನ ತುಟಿಯನ್ನೇ ನೋಡುತ್ತಿದ್ದ. ತುಟಿ ಅಲ್ಲಾಡಿದರೆ ಬಡಿತ. ನಿಂತರೆ ಬಿಡುವು. ದಾರಿಯುದ್ದಕ್ಕೂ ಆ ತುಟಿ ಏಳು ಸಲ ನಿಂತಿತು.

ಆಸ್ಪತ್ರೆಯ ಬಾಗಿಲಲ್ಲೇ ಡಾಕ್ಟರು ಕಾಯುತ್ತಿದ್ದರು. ಮೊದಲು ಹೊರಗಿನಿಂದ ಒಂದು ತಾತ್ಕಾಲಿಕ ತಂತಿ ಇಳಿಸಿ ಬಡಿತ ಹಿಡಿದರು, ಮಧ್ಯಾಹ್ನ ಹೊಸ ಯಂತ್ರ ಇಟ್ಟರು. ಹೊರತೆಗೆದ ಹಳೆಯದನ್ನು ಪರೀಕ್ಷೆಗೆ ಹಚ್ಚಿದಾಗ ಅದು ಉತ್ತರ ಕೊಡಲಿಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ಐದು ದೀಪ ಹತ್ತಿಸಿದ್ದ ಬ್ಯಾಟರಿ ನಾಲ್ಕು ಗಂಟೆಗೆ ಸತ್ತಿತ್ತು.

ಮ್ಯಾನೇಜರ್ ಪಟ್ಟಿಯಮ್ಮನಿಂದ ವಿವರಣೆ ಕೇಳಿದ, ನಿಯಮ ಮೀರಿ ರೋಗಿಯ ಮನೆಗೆ ಹೋದದ್ದಕ್ಕೆ. ಆಕೆ ಒಂದೇ ಸಾಲು ಬರೆದುಕೊಟ್ಟಳು: “ಅವರು ಊರಿನಲ್ಲೇ ಇದ್ದರು.” ಆಮೇಲೆ ಮೇಜಿನ ಮುಂದೆ ಕೂತು, ಯಾರನ್ನೂ ಕೇಳದೆ, ಉಳಿದ ಅರವತ್ತೆರಡು ಗುರುತುಗಳನ್ನೂ ಒಂದೊಂದಾಗಿ ಅಳಿಸಿದಳು. ಪರದೆ ಮತ್ತೆ ಬೂದು ಬಣ್ಣಕ್ಕೆ ತಿರುಗಿತು. ಈ ಸಲ ಮ್ಯಾನೇಜರ್ ಕೆಳಗಿಳಿದು ಬರಲಿಲ್ಲ.

ಒಂದು ತಿಂಗಳಲ್ಲಿ ಐವತ್ತೊಂಬತ್ತು ಜನ ಸಿಕ್ಕಿದರು. ಇಬ್ಬರು ಇನ್ನೂ ಸಿಕ್ಕಿಲ್ಲ. ಉಳಿದ ಒಬ್ಬರ ನಂಬರಿಗೆ ಫೋನ್ ಮಾಡಿದಾಗ ಎತ್ತಿದ್ದು ಮಗ. ಆಕೆ ಹೃದಯದ ಆಸ್ಪತ್ರೆಯಿಂದ ಎಂದು ಹೇಳಿ ಮುಗಿಸುವ ಮೊದಲೇ ಅವನು, “ನಾನೇ ಮಾಡೋಣ ಅಂತಿದ್ದೆ, ಆ ಪೆಟ್ಟಿಗೆ ಎಲ್ಲಿಗೆ ವಾಪಸ್ ಕೊಡ್ಬೇಕು?” ಎಂದ. ಪಟ್ಟಿಯಮ್ಮ ವಿಳಾಸ ಹೇಳಿದಳು. ಪುಸ್ತಕದ ಆ ಸಾಲಿನಲ್ಲಿ ಮೌನ ಎಂಬ ಪದ ಹೊಡೆದುಹಾಕಲಿಲ್ಲ.

ಇದನ್ನೆಲ್ಲ ಪಟ್ಟಿಯಮ್ಮನವರು ಹೇಳಿದ್ದು ಹೊಸ ಯಂತ್ರ ಇಡಿಸಿಕೊಂಡವಳಿಗೆ, ಆಮೇಲಿನ ದಿನಗಳಲ್ಲಿ, ಒಂದೊಂದಾಗಿ. ಅವಳು ನನಗೆ ಹೇಳಿದಳು. ಆ ಬ್ಯಾಟರಿ ಅಂಗಡಿಯವನು ನಾನು. ಈಗ ಪೆಟ್ಟಿಗೆ ನಮ್ಮ ಮಂಚದ ಪಕ್ಕದಲ್ಲಿದೆ. ರಾತ್ರಿ ಅದರ ಹಸಿರು ದೀಪ ನೋಡುತ್ತಾ ಮಲಗಿರುತ್ತೇನೆ. ಪಟ್ಟಿಯಮ್ಮನವರಿಗೆ ನಾನು ಎರಡು ಸಾಲ ಬಾಕಿ ಉಳಿಸಿಕೊಂಡಿದ್ದೇನೆ. ನಾಲ್ಕು ಸಲ ಫೋನ್ ಕುಕ್ಕಿದ್ದಕ್ಕೆ ಒಂದು ಕ್ಷಮೆ. ಎದುರು ನಿಂತು ಕೇಳಲು ನನಗಿನ್ನೂ ಬಾಯಿ ಬಂದಿಲ್ಲ. ಇನ್ನೊಂದು, ನನ್ನ ಹೆಂಡತಿಯ ಜೀವ.